ಸಣ್ಣ ಮೆಷಿನ್, ದಪ್ಪ ದಿಮ್ಮಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತೋಟದವರಿಗೆ ಒಣಗಿದ ಅಡಿಕೆ ಮರ ಕೊಯ್ಯಲು 16 ಇಂಚು ಬಾರಿನ ಚೈನ್ ಸಾ ಧಾರಾಳ. ತಲೆನೋವು ಶುರುವಾಗುವುದು ಮಳೆಗಾಳಿಗೆ ಬದುವಿನ ಮಾವು ಉರುಳಿದಾಗ. ಜಗಳೂರು ಕಡೆಯಾದರೆ ಹೊಲದ ಹುಣಸೆ. ಸುತ್ತಳತೆ 7 ಅಡಿ ಎಂದರೆ ದಪ್ಪ ಸುಮಾರು 27 ಇಂಚು. ಮನೆಯ ಮೆಷಿನ್ನಲ್ಲೇ ಕೊಯ್ಯುವುದೋ, ದೊಡ್ಡ ಮೆಷಿನ್ನಿನವರನ್ನು ಕರೆಸುವುದೋ?

ಲೆಕ್ಕದ ಮಟ್ಟಿಗೆ ಸಣ್ಣದೇ ಸಾಕು. ಈ ಪಕ್ಕದಿಂದ ಅರ್ಧ ಕೊಯ್ದು, ಚೈನ್ ಬ್ರೇಕ್ ಹಾಕಿ ಆ ಪಕ್ಕಕ್ಕೆ ಹೋಗಿ ಉಳಿದರ್ಧ ಕೊಯ್ದರಾಯಿತು. ತೂಕ ಕಡಿಮೆಯಾದ್ದರಿಂದ ತೋಳು ಬೇಗ ಸೋಲುವುದಿಲ್ಲ. ದೊಡ್ಡದು ಬೇಗ ಕೊಯ್ಯುತ್ತದೆ ನಿಜ, ಒದ್ದರೂ ಅಷ್ಟೇ ಜೋರು. ಅದನ್ನು ಹೊತ್ತು ತಂದವರೆಲ್ಲ ಪಳಗಿದವರೆಂದೇನಿಲ್ಲ; ಹವಾಯಿ ಚಪ್ಪಲಿಯಲ್ಲೇ ಕೊಯ್ಯಲು ನಿಲ್ಲುವವರೂ ಇದ್ದಾರೆ.

ಆದರೆ ಬಾರ್ ಗಿಡ್ಡವಾದರೆ ಅದರ ತುದಿ ಮರದೊಳಗೆ ಹೂತು ಕಣ್ಣಿಗೆ ಕಾಣುವುದಿಲ್ಲ. ತುದಿಯ ಮೇಲ್ಭಾಗ ಗಟ್ಟಿ ಮರಕ್ಕೆ ತಾಗಿತೋ, ಮೆಷಿನ್ ಮುಖದತ್ತ ಚಿಮ್ಮುತ್ತದೆ. ಅದಕ್ಕೇ ಕೊಯ್ಲನ್ನು ತುದಿಯಿಂದಲ್ಲ, ಬಾರಿನ ಬುಡದಿಂದ ಶುರು ಮಾಡಬೇಕು. ಒಣ ಹುಣಸೆಯಂತೂ ಚೈನಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಚೂರಿನ ಬದಲು ಹಿಟ್ಟು ಉದುರತೊಡಗಿದರೆ ಅರ ಹಾಕುವ ಹೊತ್ತಾಯಿತೆಂದರ್ಥ; ನಮ್ಮವರು ಆಗಲೇ ಮೈಭಾರ ಹಾಕಿ ಒತ್ತುವುದು.

ನನ್ನ ಮಟ್ಟಿಗೆ ಬಾರಿನ ಉದ್ದಕ್ಕಿಂತ ದಿಮ್ಮಿ ಬಿದ್ದಿರುವ ರೀತಿ ಮುಖ್ಯ. ಎರಡೂ ತುದಿಗೆ ಆಸರೆ ಸಿಕ್ಕಿ ನಡುಭಾಗ ನೆಲ ಬಿಟ್ಟಿದ್ದರೆ, ಮೇಲಿನಿಂದಲೇ ಕೊಯ್ಯುತ್ತ ಹೋದಾಗ ಸೀಳು ಮುಚ್ಚಿ ಬಾರ್ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಬೆಣೆ ಹೊಡೆದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಆಗ ಮೆಷಿನ್ ಮೈಮೇಲೆ ತಳ್ಳಿಕೊಂಡು ಬರುತ್ತದೆಂಬ ಎಚ್ಚರವಿರಲಿ. ಒಂದು ತುದಿ ನೆಲ ಬಿಟ್ಟು ಚಾಚಿಕೊಂಡಿದ್ದರೆ ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ.

ಸಮನೆಲದಲ್ಲಿ, ಉರುಳದಂತೆ ಎರಡೂ ಕಡೆ ಕಲ್ಲು ಕೊಟ್ಟ ದಿಮ್ಮಿಯಾದರೆ ನಾನು ಸಣ್ಣ ಮೆಷಿನ್ನಿನ ಕಡೆ. ಬೇರುಸಮೇತ ಮಗುಚಿದ ಮರಕ್ಕೆ ಮಾತ್ರ ಅಲ್ಲ. ಕಾಂಡ ತುಂಡಾದೊಡನೆ ಬೊಡ್ಡೆ ದಿಢೀರನೆ ಎದ್ದು ಮತ್ತೆ ಗುಂಡಿಗೆ ಕೂರಬಹುದು. ಅಲ್ಲಿ ಪಳಗಿದ ಕೈ ಬೇಕು, ಬೊಡ್ಡೆ ಹಿಡಿಯಲು ಜೆಸಿಬಿ ಸಿಕ್ಕರೆ ಇನ್ನೂ ಒಳ್ಳೆಯದು. ಇನ್ನು ನಿಂತ ಮರದ ಮಾತೇ ಬೇರೆ: ನೀಲಗಿರಿ, ತೆಂಗಿನಂಥ ವಿನಾಯಿತಿ ಮರ ಬಿಟ್ಟರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಬಾಡಿಗೆಯ ಚಿಂತೆ ಇದ್ದವರು ಮಗುಚಿದ ಮರದ ಬೊಡ್ಡೆಯಿಂದ ಕಾಂಡ ಬಿಡಿಸುವಷ್ಟನ್ನೇ ದೊಡ್ಡ ಮೆಷಿನ್ನಿನವರಿಗೆ ಒಪ್ಪಿಸಬಹುದು. ಸೌದೆಯ ಅಳತೆಗೆ ತುಂಡು ಮಾಡಲು ಮನೆಯ ಮೆಷಿನ್ ಇದ್ದೇ ಇದೆ.