ಸೋತ ಕಾವಲಿ

ಬೆಳಗಿನ ತಿಂಡಿಯ ಹೊತ್ತು ಮೀರಿ ಮಧ್ಯಾಹ್ನದ ಊಟದ ಹೊತ್ತು ಇನ್ನೂ ಬಾರದಿರುವಾಗ ಮಾಡುವ ಆಹಾರಕ್ಕೆ ಇಂಗ್ಲಿಷಿನವರು 'ಬ್ರಂಚ್' ಎಂದು ಹೆಸರಿಟ್ಟಿದ್ದಾರೆ. ನಮ್ಮ ಶಿವಮೊಗ್ಗೆಯಲ್ಲಿ ಅದಕ್ಕೆ ಬೇರೆ ಹೆಸರು ಬೇಕಾಗಿಲ್ಲ. ದೋಸೆ ಎಂದರೆ ಸಾಕು. ಈಚೆಗೆ ಒಂದು ಭಾನುವಾರ, ಪ್ರಾಯೋಗಿಕ ಪರೀಕ್ಷೆ ಮುಗಿದ ಸಂತೋಷದಲ್ಲಿ, ನಾವು ನಮ್ಮ ಪದವಿ ತರಗತಿಯ ಏಳು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನವುಲೆಯ ಒಂದು ಉಪಾಹಾರ ಮಂದಿರಕ್ಕೆ ಹೋದೆವು. ಗಂಟೆ ಹತ್ತೂವರೆ. ಸವಳಂಗ ರಸ್ತೆಯ ಆ ಭಾಗವನ್ನು ಬಲ್ಲವರಿಗೆ ಅಲ್ಲಿಯ ಭಾನುವಾರದ ಸಂದಣಿಯನ್ನು ವರ್ಣಿಸಬೇಕಾಗಿಲ್ಲ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ಕಡೆ, ಕೃಷಿ ಕಾಲೇಜಿನವರು ಇನ್ನೊಂದು ಕಡೆ, ಕ್ರಿಕೆಟ್ ಮೈದಾನದಿಂದ ನೇರವಾಗಿ ಬಂದವರು ಬಾಗಿಲಲ್ಲಿ. ಕುಳಿತುಕೊಳ್ಳಲು ಸ್ಥಳ ದೊರೆತುದೇ ನಮ್ಮ ಪುಣ್ಯ.

"ಎಂಟು ಮಸಾಲೆ, ಎಲ್ಲವೂ ಒಟ್ಟಿಗೇ ಬರಲಿ" ಎಂದು ಮಾಣಿಗೆ ಹೇಳಿದೆವು. ಕಾಫಿ ಮೊದಲು ಬಂದು, ನಾವು ದೋಸೆಗಾಗಿ ಕಾಯುತ್ತಿರುವಾಗಲೇ ಆರಿಹೋಯಿತು. ಮುಕ್ಕಾಲು ಗಂಟೆಯ ಮೇಲೆ ದೋಸೆ ಬಂದಿತು. ಹೊಂಬಣ್ಣವಿಲ್ಲ, ಗರಿಗರಿಯಿಲ್ಲ, ಬಿಳಿಚಿಕೊಂಡು, ಒದ್ದೆಯಾಗಿ, ತಟ್ಟೆಗೆ ಅಂಟಿಕೊಂಡ ಒಂದು ವಸ್ತು. ನಾಲ್ವರು ಮುಟ್ಟಲಿಲ್ಲ. ನಾವು ಗಲ್ಲಾದ ಬಳಿಗೆ ಹೋಗಿ, ಉಪಾಧ್ಯಾಯರಿಗೆ ಸಹಜವಾದ ಗಟ್ಟಿ ಧ್ವನಿಯಲ್ಲಿ, ಇದು ದೋಸೆಯೇ ಎಂದು ಕೇಳಿದೆವು. ಯಜಮಾನರು ಅಷ್ಟು ಜನರ ಮುಂದೆಯೇ ದೋಸೆಯ ಭಟ್ಟನನ್ನು ಹೊರಕ್ಕೆ ಕರೆದರು. ಬೆವರು ಒರೆಸಿಕೊಳ್ಳುತ್ತ ಬಂದ ಆತ ಹೇಳಿದ್ದು ಒಂದೇ ಮಾತು: "ಕಾವಲಿ ಸೋತಿದೆ ಸಾರ್, ಸ್ವಲ್ಪ ಹೊತ್ತು ಬಿಡಬೇಕು."

ನಾವು ನಕ್ಕೆವು. ಸೋಲುವುದಕ್ಕೆ ಕಾವಲಿಯೇನು ಉಳುವ ಎತ್ತೆ? ಯಜಮಾನರು ನಗಲಿಲ್ಲ, ಮುಟ್ಟದೆ ಹಿಂದಿರುಗಿದ ನಾಲ್ಕು ದೋಸೆಗಳ ಬೆಲೆಯನ್ನು ನೋಟ್‌ಬುಕ್ಕಿನಲ್ಲಿ ಆತನ ಹೆಸರಿಗೆ ಬರೆದುಕೊಂಡರು. ಅಷ್ಟರಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಕುಳಿತಲ್ಲಿಂದಲೇ ತನ್ನ ಫೋನಿನಲ್ಲಿ ಆ ಹೋಟೆಲಿಗೆ ಒಂದು ನಕ್ಷತ್ರವನ್ನು ಕೊಟ್ಟು, 'ಭಟ್ಟನಿಗೆ ದೋಸೆ ಬಾರದು' ಎಂದು ಲೋಕಕ್ಕೆಲ್ಲ ತಿಳಿಸಿ ಆಗಿತ್ತು.

ಆ ಸಂಜೆ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತೆವು. ಪ್ರಶ್ನೆ, ಆವಿಯ ಗುಪ್ತೋಷ್ಣವನ್ನು ಕುರಿತದ್ದು. ನೂರು ಡಿಗ್ರಿಯ 1 ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಶಾಖವನ್ನು ಹೀರುತ್ತದೆ ಎಂದು ಎಲ್ಲರೂ ಸರಿಯಾಗಿ ಬರೆದಿದ್ದರು. ಒಂದು ನಕ್ಷತ್ರವನ್ನು ಕೊಟ್ಟವನೂ ಬರೆದಿದ್ದ. ಮೂರನೆಯ ಪತ್ರಿಕೆಗೆ ನಮ್ಮ ಕೈ ನಿಂತಿತು. ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಲಾರಂಭಿಸಿದೆವು.

ಮೂವತ್ತು ಸೆಂಟಿಮೀಟರ್ ಅಗಲದ ಒಂದು ದೋಸೆಯ ಅಡಿಯಲ್ಲಿರುವ ಕಾವಲಿಯ ಕಬ್ಬಿಣ, ದಪ್ಪ 1.2 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, ಸುಮಾರು ಆರೂವರೆ ಕಿಲೋಗ್ರಾಂ ತೂಗುತ್ತದೆ. ಕಬ್ಬಿಣದ ವಿಶಿಷ್ಟೋಷ್ಣ ನೀರಿನದರ ಒಂಬತ್ತನೆಯ ಒಂದು ಭಾಗ ಮಾತ್ರ. ಆದ್ದರಿಂದ ಅಷ್ಟು ಕಬ್ಬಿಣ ತನ್ನಲ್ಲಿರುವ 3000 ಜೂಲ್ ಶಾಖವನ್ನು ಬಿಟ್ಟುಕೊಟ್ಟರೆ ಒಂದು ಡಿಗ್ರಿ ಇಳಿಯುತ್ತದೆ. ಇನ್ನು ಖರ್ಚಿನ ಬಾಬು. ದೋಸೆ ಹುಯ್ಯುವ ಮುನ್ನ ಚಿಮುಕಿಸುವ ನೀರು 20 ಗ್ರಾಂ ಎಂದರೂ ಅದು ಕಾದು ಆವಿಯಾಗಲು 50,000 ಜೂಲ್ ಬೇಕು. ಹಿಟ್ಟು ನೂರು ಡಿಗ್ರಿಗೆ ಏರಲು 25,000. ಹಿಟ್ಟಿನೊಳಗಿನ ನೀರಿನಲ್ಲಿ 40 ಗ್ರಾಂ ಆರಿಹೋಗಲು 90,000. ಒಟ್ಟು 1,65,000 ಜೂಲ್. ಒಲೆಯಿಂದ ಏನೂ ಬಾರದಿದ್ದರೆ ಒಂದು ದೋಸೆಗೆ ಕಾವಲಿ 55 ಡಿಗ್ರಿ ಕುಗ್ಗಬೇಕು! ಇದು ನಮ್ಮ ಅಂದಾಜು. ಅಳತೆಗಳಲ್ಲಿ ಐದನೆಯ ಒಂದು ಪಾಲು ತಪ್ಪಿದ್ದರೂ ತಾತ್ಪರ್ಯ ತಪ್ಪದು.

ಒಲೆಯಿಂದ ಶಾಖ ಬರುತ್ತದೆ, ನಿಜ. ಆದರೆ ಎಷ್ಟು? ಒಂದೇ ಕಾವಲಿಯ ಮೇಲೆ ಆರು ದೋಸೆ, ಎರಡೆರಡು ನಿಮಿಷಕ್ಕೆ ಒಂದು ಸರದಿ ಎಂದರೆ ಕಬ್ಬಿಣದೊಳಕ್ಕೆ ಎಡೆಬಿಡದೆ ಎಂಟು ಕಿಲೋವಾಟಿಗಿಂತ ಹೆಚ್ಚು ಶಾಖ ಹರಿಯುತ್ತಿರಬೇಕು. ಸ್ನಾನದ ಮನೆಯ ಮೂರು ಕಿಲೋವಾಟಿನ ಗೀಸರುಗಳು ಮೂರನ್ನು ಒಟ್ಟಿಗೆ ಹಾಕಿದಂತೆ. ಅದೂ, ಉರಿಯ ಗಣನೀಯ ಭಾಗ ಕಾವಲಿಯನ್ನು ಮುಟ್ಟದೆ ಅಂಚಿನಿಂದ ಹಾರಿಹೋದ ಮೇಲೆ ಉಳಿಯುವ ಲೆಕ್ಕ. ಬೆಳಗಿನ ಏಳು ಗಂಟೆಗೆ ಒಂದೊಂದೇ ದೋಸೆ ಹುಯ್ಯುವಾಗ ಒಲೆ ಸಾಲವನ್ನು ತೀರಿಸುತ್ತದೆ. ಹತ್ತೂವರೆಗೆ, ಬಾಗಿಲಲ್ಲಿ ಜನ ನಿಂತಿರುವಾಗ, ಸಾಲ ಬೆಳೆಯುತ್ತಲೇ ಹೋಗುತ್ತದೆ.

ಸಾಲದ ಫಲವನ್ನು ನಾವು ತಟ್ಟೆಯಲ್ಲಿ ಕಂಡಿದ್ದೆವು. ಹಿಟ್ಟಿನಲ್ಲಿ ನೀರಿರುವವರೆಗೆ ಅದರ ಉಷ್ಣತೆ ನೂರನ್ನು ದಾಟದು. ತಳದ ಪದರ ಆರಿ 140 ಡಿಗ್ರಿಯ ಆಚೆಗೆ ಏರಿದಾಗಲೇ ಸಕ್ಕರೆಗಳೂ ಅಮೈನೋ ಆಮ್ಲಗಳೂ ಬೇಗ ಬೇಗನೆ ಕೂಡಿ ಆ ಹೊಂಬಣ್ಣ, ಆ ಪರಿಮಳ ಹುಟ್ಟುವುದು. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಕಾವಲಿ ಕುಗ್ಗಿದ್ದರೆ ದೋಸೆ ಬೇಯುತ್ತದೆ, ಬಣ್ಣ ಬಾರದು. ಮೇಲಾಗಿ, ಮೊದಲಾದ ದೋಸೆಗಳನ್ನು ಉಳಿದವು ಆಗುವವರೆಗೆ ಪಾತ್ರೆಯಲ್ಲಿ ಮುಚ್ಚಿಟ್ಟಿರಬೇಕು. ಅವುಗಳಿಂದೆದ್ದ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಅವುಗಳ ಮೇಲೆಯೇ ತೊಟ್ಟಿಕ್ಕಿತು. ಒಟ್ಟಿಗೇ ಬರಲಿ ಎಂದವರು ಯಾರು? ನಾವೇ.

ಮಂಗಳವಾರ ಮೂರು ಗಂಟೆಗೆ, ಹೋಟೆಲು ಬಿಡುವಾಗಿರುವ ಹೊತ್ತನ್ನು ನೋಡಿ, ಪ್ರಯೋಗಶಾಲೆಯ ಉಷ್ಣಯುಗ್ಮವನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ನವುಲೆಗೆ ಹೋದೆವು. ಆ ವಿದ್ಯಾರ್ಥಿಯನ್ನೂ ಕರೆದೊಯ್ದೆವು. ಯಜಮಾನರು, "ಅಯ್ಯೋ, ಬಿಡಿ ಮೇಷ್ಟ್ರೇ, ಇದೆಲ್ಲ ಮಾಮೂಲು" ಎಂದರು. ನಾವು ಬಿಡಲಿಲ್ಲ. ನಾಲ್ಕು ದೋಸೆಗಳ ಹಣವನ್ನು ಕೊಟ್ಟು, ನೋಟ್‌ಬುಕ್ಕಿನ ಆ ಸಾಲನ್ನು ನಮ್ಮೆದುರಿಗೇ ಹೊಡೆದುಹಾಕಿಸಿದೆವು. ಭಟ್ಟನಲ್ಲಿ ಕ್ಷಮೆ ಕೇಳುವುದು ಇದಕ್ಕಿಂತ ಕಷ್ಟವಾಯಿತು. ಆತನಿಗೆ ಅದನ್ನು ಕೇಳುವ ರೂಢಿ ಇದ್ದಂತೆ ತೋರಲಿಲ್ಲ.

ಆಮೇಲೆ ಆತ ತನ್ನ ವಿದ್ಯೆಯನ್ನು ತೋರಿಸಿದ. ಕಾದ ಕಾವಲಿಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿದಾಗ ಹನಿ ಹರಡಿ ಕುದಿದರೆ ಕಾವು ಸಾಲದು. ಮುತ್ತಿನಂತೆ ದುಂಡಗಾಗಿ ಓಡಾಡಿದರೆ ಸಾಕು. ಆಗ ಇನ್ನಷ್ಟು ನೀರೆರಚಿ, ಪೊರಕೆಯಿಂದ ಗುಡಿಸಿ, ಹದಕ್ಕೆ ಇಳಿಸಿ ಹಿಟ್ಟನ್ನು ಹುಯ್ಯಬೇಕು. ಸುಮಾರು 200 ಡಿಗ್ರಿಯ ಲೋಹಕ್ಕೆ ನೀರಿನ ಹನಿ ತಾಗಿದೊಡನೆ ಅಡಿಯಲ್ಲಿ ಆವಿಯ ತೆಳುವಾದ ಹಾಸು ಹುಟ್ಟಿ ಹನಿಯನ್ನು ಎತ್ತಿ ಹಿಡಿಯುತ್ತದೆ. ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ಕಂಡು 1756ರಲ್ಲಿ ಬರೆದಿಟ್ಟ. ಭಟ್ಟ 'ಈಗ' ಎಂದಾಗಲೆಲ್ಲ ನಾವು ಉಷ್ಣಯುಗ್ಮವನ್ನು ಒತ್ತಿ ನೋಡಿದೆವು. ಐದು ಸಲವೂ ಮಾಪಕ ಹೆಚ್ಚು ಕಡಿಮೆ ಒಂದೇ ಎಡೆಯಲ್ಲಿ ನಿಂತಿತು. ಭಾನುವಾರ ಕಾಯುತ್ತ ಕುಳಿತಾಗ ಹನಿಗಳು ಕಾವಲಿಯ ಮೇಲೆ ಸಪ್ಪಗೆ ಹರಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಕಂಡೂ ಏನನ್ನೂ ಊಹಿಸಲಿಲ್ಲ.

ಇನ್ನೊಂದು ಸಂಗತಿ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ. ಅದನ್ನು ಹೇಳಿದವನೂ ಭಟ್ಟನೇ. ರಶ್ಶಿನ ಹೊತ್ತಿನಲ್ಲಿ ಗ್ಯಾಸ್ ಸಿಲಿಂಡರು ಹೊರಗೆಲ್ಲ ಬೆವರಿ ತಣ್ಣಗಾಗುತ್ತದೆ, ಉರಿ ಕುಗ್ಗುತ್ತದೆ ಎಂದ. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಅನಿಲವಾಗಿ ಹೊರಬರಲು ಅದಕ್ಕೂ ಗುಪ್ತೋಷ್ಣ ಬೇಕು; ಅದನ್ನು ತನ್ನಿಂದಲೇ, ಸಿಲಿಂಡರಿನ ಗೋಡೆಯಿಂದಲೇ ತೆಗೆದುಕೊಳ್ಳುತ್ತದೆ. ವೇಗವಾಗಿ ಉರಿಸಿದಷ್ಟೂ ದ್ರವ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಕಾವಲಿಗೆ ಹೆಚ್ಚು ಉರಿ ಬೇಕಾದ ಗಳಿಗೆಯಲ್ಲೇ ಉರಿ ಕಡಿಮೆಯಾಗುತ್ತದೆ! ಎರಡು ಸಿಲಿಂಡರುಗಳನ್ನು ಸರಿಯಾದ ಕೊಳವೆಯಿಂದ ಜೋಡಿಸಿದರೆ ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ ಎಂದು ಯಜಮಾನರಿಗೆ ತಿಳಿಸಿದೆವು. ಖರ್ಚಾಗುತ್ತದಲ್ಲ ಎಂದು ತಲೆ ಕೆರೆದುಕೊಂಡರು.

ನಮ್ಮ ದೂರು ಈಗ ನಮ್ಮ ಪ್ರಯೋಗಶಾಲೆಯ ಮೇಲೆಯೇ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಕುರಿತ ರಮ್‌ಫರ್ಡನ 1798ರ ಪ್ರಬಂಧವನ್ನು ಪಾಠದಲ್ಲಿ ಹೇಳುತ್ತೇವೆ. ಆತನೇ ಮ್ಯೂನಿಕ್ಕಿನಲ್ಲಿ ಬಡವರಿಗೆ ಗಂಜಿ ಬೇಯಿಸಲು ಕಡಿಮೆ ಸೌದೆಯ ಒಲೆಗಳನ್ನು ಕಟ್ಟಿಸಿದನೆಂದು ಹೇಳುವುದಿಲ್ಲ. ದೂರ ಏಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರದ ಅಡಿಗೆಮನೆಗಳಲ್ಲಿ ಕುಳಿತು ಸೌದೆಯನ್ನು ತೂಗಿದರು. ಅವರ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ನಮ್ಮ ವಿದ್ಯಾರ್ಥಿಗಳೋ, ತಾಮ್ರದ ಕೆಲೋರಿಮೀಟರಿನಲ್ಲಿ ಸೀಸದ ಗುಂಡುಗಳನ್ನು ಸುರಿದು, ಉತ್ತರ ಮೊದಲೇ ಗೊತ್ತಿರುವ ಅಂಕೆಯನ್ನು ಬರೆದು ಬರುತ್ತಾರೆ. ಉಷ್ಣದ ಪ್ರಯೋಗಗಳಲ್ಲಿ ಒಂದನ್ನಾದರೂ ಕೆಲಸ ನಡೆಯುತ್ತಿರುವ ಒಲೆಯ ಬಳಿ, ಅದನ್ನು ಬಲ್ಲವನ ಪಕ್ಕದಲ್ಲಿ ನಿಂತು ಮಾಡಿಸಬೇಕೆಂದು ನಾವು ವಿಭಾಗದ ಮುಖ್ಯರಿಗೆ ಬರೆದುಕೊಟ್ಟಿದ್ದೇವೆ. 'ಪಠ್ಯಕ್ರಮದಲ್ಲಿ ಇಲ್ಲ' ಎಂಬ ಉತ್ತರ ಬಾಯಿಮಾತಿನಲ್ಲಿ ಬಂದಿದೆ. ಬರಹದಲ್ಲಿ ಇನ್ನೂ ಬಂದಿಲ್ಲ.

ಆ ವಿದ್ಯಾರ್ಥಿ ಮಂಗಳವಾರವೇ ತನ್ನ ಬರಹವನ್ನು ಅಳಿಸಿ, ಒಂದು ನಕ್ಷತ್ರವನ್ನು ನಾಲ್ಕು ಮಾಡಿದ. ಐದನೆಯದನ್ನು ಏಕೆ ಕೊಡಲಿಲ್ಲವೆಂದು ಕೇಳಿದೆವು. ಕಾಫಿ ಅಂದೂ ಆರಿತ್ತು, ಅದಕ್ಕೆ ಕಾವಲಿ ಹೊಣೆಯಲ್ಲವಲ್ಲ ಸಾರ್, ಎಂದ.