ಟಿಎಂಸಿಯೊಳಗಿನ ಮಿಲಿಯನ್

ಮಳೆಗಾಲ ಬಂತೆಂದರೆ ಸಿರುಗುಪ್ಪ, ದೇಶನೂರು ಕಡೆ ಪತ್ರಿಕೆ ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ತುಂಗಭದ್ರಾ ಜಲಾಶಯದ ನೀರಿನ ಮಟ್ಟದ ಕಡೆಗೆ. ಶಾಲೆಯ ಮೆಟ್ಟಿಲು ಹತ್ತದ ರೈತನೂ ‘ಡ್ಯಾಮಿನಾಗ ಎಷ್ಟು ಟಿಎಂಸಿ ಐತಿ?’ ಎಂದು ವಿಚಾರಿಸುತ್ತಾನೆ. ಆದರೆ ಟಿಎಂಸಿಯ ನಡುವಿನ ‘ಎಂ’ ಏನೆಂದು ಹೈಸ್ಕೂಲಿನ ಹುಡುಗನನ್ನು ಕೇಳಿ ನೋಡಿ. ‘ಮೀಟರ್’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ.

ಅದು ಮಿಲಿಯನ್. ‘ದೊಡ್ಡ ಸಾವಿರ’ ಎಂಬರ್ಥದ ಹಳೆಯ ಇಟಾಲಿಯನ್ ಪದದಿಂದ ಬಂದ ಮಾತು. ಸಾವಿರ ಸಾವಿರ, ಅಂದರೆ ನಮ್ಮ ಹತ್ತು ಲಕ್ಷ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ; ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ.

ಹಾಗಿದ್ದರೆ ಸುತ್ತಿ ಬಳಸಿ ಹೇಳುವುದೇಕೆ, ಬಿಲಿಯನ್ ಎನ್ನಬಾರದೇ? ತೊಡಕಿರುವುದೇ ಅಲ್ಲಿ. ಅಮೆರಿಕದವರ ಬಿಲಿಯನ್ ನೂರು ಕೋಟಿ. ಬ್ರಿಟನ್ನಿನ ಹಳೆಯ ಬಿಲಿಯನ್ ಮಿಲಿಯನ್ ಮಿಲಿಯನ್, ಅಂದರೆ ಲಕ್ಷ ಕೋಟಿ! ಸರ್ಕಾರಿ ಲೆಕ್ಕದಲ್ಲಿ ಅಮೆರಿಕದ ಅರ್ಥವನ್ನೇ ಬಳಸುವುದಾಗಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅಲ್ಲಿನ ಪಾರ್ಲಿಮೆಂಟಿಗೆ ತಿಳಿಸಿದ್ದು 1974ರ ಡಿಸೆಂಬರಿನಲ್ಲಿ. ನಮ್ಮ ಜಲಾಶಯ ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು. ‘ಸಾವಿರ ಮಿಲಿಯನ್’ ಎಂದರೆ ಯಾವ ದೇಶದವರಿಗೂ ಗೊಂದಲವಿಲ್ಲ. (ವಿಜಯನಗರ ಕಾಲುವೆಗಳ ಪಟ್ಟಿಯಲ್ಲಿ ದೇಶನೂರು ಕಾಲುವೆಯೂ ಇದೆ. ಆ ಕಾಲದ ಕಾಲುವೆ ತೋಡಿದವರು ಈ ಯಾವ ಪದವನ್ನೂ ಕೇಳದೆಯೇ ನೀರು ಹರಿಸಿದರೆಂಬುದು ಬೇರೆ ಮಾತು.)

ಒಂದು ಟಿಎಂಸಿ ನೀರು ಎಷ್ಟು? ಸುಮಾರು 2,830 ಕೋಟಿ ಲೀಟರ್. ಲೀಟರಿನಲ್ಲಿ ಹೇಳಿದರೆ ಕಣ್ಣಿಗೆ ಕಟ್ಟುವುದಿಲ್ಲ. ಹೊಲದಲ್ಲಿ ಹರಡಿ ನೋಡಬೇಕು. ಎಕರೆಗೆ 43,560 ಚದರ ಅಡಿ. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 22,957. ಅಷ್ಟು ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಅಣೆಕಟ್ಟಿನಿಂದ ದಿನವಿಡೀ ಲಕ್ಷ ಕ್ಯುಸೆಕ್ ಹೊರಬಿಟ್ಟರೆ ಹರಿದುಹೋಗುವುದು 8.64 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆಯ ಊರುಗಳಲ್ಲಿ ನಿದ್ದೆ ಹಾರಿದ್ದೇಕೆಂದು ಇದರಿಂದಲೇ ತಿಳಿಯುತ್ತದೆ.

ಪರೀಕ್ಷೆಯಲ್ಲಿ ಮಿಲಿಯನ್ನನ್ನು ಕೋಟಿಯೆಂದು ಬರೆದರೆ ಕಾಗದದ ಮೇಲೆ ಅಣೆಕಟ್ಟು ಹತ್ತು ಪಟ್ಟು ತುಂಬುತ್ತದೆ. ಗದ್ದೆಗೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ.

ಇನ್ನೊಂದು ಲೆಕ್ಕವನ್ನು ಮಕ್ಕಳು ಅಪ್ಪನೊಡನೆ ಕೂತು ಮಾಡಲಿ. ಜಲಾಶಯದ ಮೊದಲಿನ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಉಳಿದದ್ದು 105.788. ಕಳೆದುಹೋದ 27 ಟಿಎಂಸಿಯನ್ನು 22,957ರಿಂದ ಗುಣಿಸಿ: ಆರು ಲಕ್ಷ ಎಕರೆಗೂ ಮೀರಿ ಒಂದಡಿ ನೀರು. ಕಾಲುವೆಯ ಕೊನೆಯಂಚಿನ ರೈತ ‘ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲೋ?’ ಎಂದು ಕೇಳುವುದು ಈ ಲೆಕ್ಕವನ್ನೇ.