ಮುದಿ ನಾಯಿ ಹೊರಸು ಹತ್ತದಿದ್ದರೆ

"ಮುದುಕಾಗ್ಯಾದ್ರಿ, ಇನ್ನೇನ್ ಮಾಡ್ತದ." ಜೇವರ್ಗಿ ಸೀಮೆಯ ಇಜೇರಿ ಕಡೆ, ಮನೆಯ ಪಾಮೇರಿಯನ್ ಮೂಲೆ ಹಿಡಿದರೆ ಮೊದಲು ಬರುವ ಮಾತು ಇದು. ಹಗಲೆಲ್ಲ ಮಲಗಿರುತ್ತದೆ, ಬಾಗಿಲ ಸಪ್ಪಳಕ್ಕೆ ಏಳುವುದಿಲ್ಲ, ಮಕ್ಕಳ ಹಿಂದೆ ಹೊರಸು ಹತ್ತುವುದಿಲ್ಲ. ಎಲ್ಲಕ್ಕೂ ವಯಸ್ಸೇ ಉತ್ತರ. ಹನ್ನೆರಡು ವರ್ಷದ ನಾಯಿ ನಿಧಾನವಾಗುವುದು ಸಹಜವೇ. ಆದರೆ ಕಳೆದ ದೀಪಾವಳಿಯವರೆಗೆ ಮಾಡುತ್ತಿದ್ದ ಕೆಲಸವನ್ನು ಅದು ಪೂರ್ತಿ ಬಿಟ್ಟಿದ್ದರೆ ಕಾರಣ ಹುಡುಕಬೇಕು. ಬಹಳ ಸಲ ಆ ಕಾರಣ ನೋವು.

ನೋವಿದ್ದರೆ ಅಳುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾಲ ಮೇಲೆ ಬೈಕ್ ಹರಿದರೆ ನಾಯಿ ಕುಂಯ್‌ಗುಟ್ಟುತ್ತದೆ, ನಿಜ. ಕೀಲು ಸವೆದು ವರ್ಷಗಟ್ಟಲೆ ನಿಧಾನಕ್ಕೆ ಬೆಳೆದ ನೋವಿಗೆ ಅದು ದನಿ ತೆಗೆಯುವುದು ಅಪರೂಪ. ಬಾಯಿಲ್ಲದ್ದಕ್ಕೆ ನೋವಿಲ್ಲ ಎನ್ನುವಂತಿಲ್ಲ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ ಇದನ್ನು ಪ್ರಾಣಿಗಳನ್ನೂ ಸೇರಿಸಿಯೇ ಹೇಳಿತು. ಹಾಗಾಗಿ ಕಿವಿಯನ್ನು ನೆಚ್ಚಬೇಡಿ, ಕಣ್ಣನ್ನು ನೆಚ್ಚಿ.

ಮೊದಲು ನೆಲ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದಿ ಪರ್ಸಿ ಹಾಸಿರುತ್ತದೆ. ಬೇಸಿಗೆಗೆ ತಂಪು, ತಿಕ್ಕಿ ತಿಕ್ಕಿ ನುಣುಪು. ಎಳೆಯ ನಾಯಿಗೆ ಅದು ಆಟದ ಬಯಲು, ಮಂಡಿ ನೋಯುವ ನಾಯಿಗೆ ಕೆಸರುಗದ್ದೆ. ಏಳುವಾಗ ಹಿಂಗಾಲು ಅಗಲಕ್ಕೆ ಜಾರುತ್ತವೆಯೇ? ಗೋಡೆಯ ಬದಿ ಹಿಡಿದು ನಡೆಯುತ್ತದೆಯೇ? ನೀರಿನ ಬಟ್ಟಲಿನ ತನಕ ಹೋಗಿ ನಡುವೆ ನಿಂತುಬಿಡುತ್ತದೆಯೇ? ಚಿಕ್ಕ ಜಾತಿಯ ನಾಯಿಗಳಲ್ಲಿ ಮಂಡಿಚಿಪ್ಪು ತನ್ನ ಜಾಡಿನಿಂದ ಪಕ್ಕಕ್ಕೆ ಸರಿಯುವ ತೊಂದರೆ ಸಾಮಾನ್ಯ. ಓಡುತ್ತಿರುವ ನಾಯಿ ಒಂದು ಹಿಂಗಾಲನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ, ಚಿಪ್ಪು ಜಾಗಕ್ಕೆ ಬಂದೊಡನೆ ಏನೂ ಆಗದಂತೆ ಓಡುತ್ತದೆ. ನೋಡಿದವರು ನಗುತ್ತಾರೆ. ವರ್ಷಗಳ ಮೇಲೆ ಆ ಮಂಡಿಗೇ ಸಂಧಿವಾತ ಬರುವುದು. ತೊಡೆ ಮುಟ್ಟಿ ನೋಡಿ: ಎರಡರಲ್ಲಿ ಒಂದು ಬಡವಾಗಿದ್ದರೆ ಆ ಕಾಲನ್ನು ನಾಯಿ ತಿಂಗಳುಗಳಿಂದ ಉಳಿಸಿಕೊಂಡು ನಡೆಯುತ್ತಿದೆ ಎಂದರ್ಥ. ಉಗುರು ಸವೆಯದೆ ಬೆಳೆದಿರುವುದು, ಒಂದೇ ಕೀಲನ್ನು ನೆಕ್ಕಿ ನೆಕ್ಕಿ ಅಲ್ಲಿಯ ಕೂದಲು ಕಂದಿರುವುದು ಕೂಡ ಇದೇ ಕಥೆ ಹೇಳುತ್ತವೆ.

ಇನ್ನು ಬಾಯಿ. ಚಿಕ್ಕ ನಾಯಿಯ ಕಿರಿದಾದ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ಇರುವುದರಿಂದ ಪಾಚಿ ಕಟ್ಟಿ ಒಸಡು ಕೊಳೆಯುವುದು ಬೇಗ. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಇದೆ. ಕಟಕ ರೊಟ್ಟಿ ಮೂಸಿ ಬಿಟ್ಟ ನಾಯಿ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಆಸೆಯಿಂದ ತಿಂದರೆ ಹಸಿವು ಸರಿಯಿದೆ, ಹಲ್ಲು ಸರಿಯಿಲ್ಲ. ಒಂದೇ ಬದಿಯಿಂದ ಅಗಿಯುವುದನ್ನು, ತುತ್ತು ಕೆಳಗೆ ಬೀಳಿಸುವುದನ್ನು "ಸೊಕ್ಕು" ಅನ್ನಬೇಡಿ.

ಕಲಬುರಗಿಯ ಬಿಸಿಲಲ್ಲಿ ಏದುಸಿರು ಮಾತ್ರ ಮೋಸದ ಲಕ್ಷಣ. ಮೇ ತಿಂಗಳ ಮಧ್ಯಾಹ್ನ ಯಾವ ನಾಯಿ ನಾಲಿಗೆ ಚಾಚುವುದಿಲ್ಲ? ಅದಕ್ಕೇ ನಸುಕಿನ ತಂಪಿನಲ್ಲಿ, ನಾಯಿ ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ದಿನವೂ 30 ದಾಟುತ್ತಿದ್ದರೆ ನೋವೋ, ಹೃದಯದ ತೊಂದರೆಯೋ, ವೈದ್ಯರು ನೋಡಬೇಕಾದದ್ದೇ. ರಾತ್ರಿ ಮಗ್ಗುಲು ಸಿಗದೆ ಎದ್ದು ತಿರುಗುವುದು, ಎತ್ತಿಕೊಳ್ಳಲು ಹೋದ ಮಗುವಿನ ಮೇಲೆ ಗುರ್ ಎನ್ನುವುದು, ಬೆನ್ನು ಬಿಲ್ಲಾಗಿಸಿ ನಿಲ್ಲುವುದು ಇವನ್ನೂ ಬರೆದಿಟ್ಟುಕೊಳ್ಳಿ. ಸಾಧು ನಾಯಿ ಏಕಾಏಕಿ ಸಿಡುಕಾದರೆ ಬೈಯುವ ಮುಂಚೆ ಬೆನ್ನು ಮುಟ್ಟಿ ನೋಡುವುದು ನ್ಯಾಯ.

ಈಗ ಹೆದರಿಸುವ ಮಾತು. ಮನೆಯಲ್ಲಿ ಅಜ್ಜನ ಮಂಡಿನೋವಿನ ಗುಳಿಗೆ ಇದ್ದೇ ಇರುತ್ತದೆ, ಅರ್ಧ ಮುರಿದು ರೊಟ್ಟಿಯಲ್ಲಿಟ್ಟು ಕೊಡುವ ಮನಸ್ಸೂ ಆಗುತ್ತದೆ. ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಕಾರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ನಾಲ್ಕೈದು ಕಿಲೋ ತೂಕದ ಜೀವಕ್ಕೆ "ಅರ್ಧ" ಗುಳಿಗೆಯೂ ದೊಡ್ಡದೇ. ಪ್ಯಾರಾಸಿಟಮಾಲ್ ಕೂಡ ಅಂದಾಜಿನಲ್ಲಿ ಕೊಡುವ ಔಷಧವಲ್ಲ. (ಡೈಕ್ಲೋಫೆನಾಕನ್ನು ಪಶುಚಿಕಿತ್ಸೆಯಿಂದ ದೇಶದಲ್ಲಿ 2006ರಲ್ಲಿ ಹೊರಗಿಟ್ಟದ್ದು ರಣಹದ್ದುಗಳನ್ನು ಉಳಿಸಲು, ನಾಯಿಯ ಕಾರಣ ಬೇರೆ, ಎಚ್ಚರ ಒಂದೇ.) ನಾಯಿಗೆ ಹೊಂದುವ ನೋವಿನ ಔಷಧಗಳಿವೆ. ತೂಕ ನೋಡಿ, ಬೇಕಿದ್ದರೆ ರಕ್ತ ಪರೀಕ್ಷಿಸಿ, ವೈದ್ಯರೇ ಬರೆಯಬೇಕು.

ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಎತ್ತು, ಎಮ್ಮೆಗಳದ್ದೇ ಸರದಿ. ನಾಯಿ ಎತ್ತಿಕೊಂಡು ನಿಲ್ಲಲು ಕೆಲವರಿಗೆ ಸಂಕೋಚ. ಸಂಕೋಚ ಬಿಡಿ. ಹೋಗುವ ಮುಂಚೆ ಮೊಬೈಲಿನಲ್ಲಿ ಅದು ಏಳುವುದು, ನಡೆಯುವುದು, ಮೆಟ್ಟಿಲ ಮುಂದೆ ತಡೆಯುವುದನ್ನು ಹಿಡಿದಿಟ್ಟುಕೊಳ್ಳಿ. ಗಾಬರಿಗೊಂಡ ನಾಯಿ ವೈದ್ಯರ ಮುಂದೆ ಕುಂಟುವುದನ್ನೇ ಮರೆತುಬಿಡುತ್ತದೆ. ಎಕ್ಸ್‌ರೇ, ಹಲ್ಲಿನ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯ ನಮ್ಮ ಭಾಗದ ದೊಡ್ಡ ಆಸರೆ. ಹಿಂಗಾಲು ಎಳೆಯುತ್ತಿದ್ದರೆ, ಮೂತ್ರ ಕಟ್ಟಿದ್ದರೆ, ಹೊಟ್ಟೆ ಉಬ್ಬಿ ವಾಂತಿಗೆ ಒದ್ದಾಡುತ್ತಿದ್ದರೆ ನಾಳೆಗೆ ಕಾಯಬೇಡಿ.

ಅಲ್ಲಿಯವರೆಗೆ ಮನೆಯಲ್ಲಿ ಮಾಡುವುದು ಇಷ್ಟು: ಅದು ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ ಪರ್ಸಿಯ ಮೇಲೆ ಗೋಣಿತಟ್ಟು ಹಾಸಿ, ಜಾರದಂತೆ ಒಂದಂಚನ್ನು ಹೊರಸಿನ ಕಾಲಡಿ ಸಿಕ್ಕಿಸಿ.